ಗೇಟಿನ ತನಕದ ಕ್ಷಮೆ

ಹಿಂದೂ ಹುಡುಗನನ್ನು ಮದುವೆಯಾದೆನೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ, ಹೋದ ತಿಂಗಳು ಜೆ.ಪಿ. ನಗರದ ತನ್ನ ಮನೆಯ ಪ್ರಾರ್ಥನಾ ಕೂಟಕ್ಕೆ ನನ್ನನ್ನು ಕರೆದ. ಮನೆ ಬಿಟ್ಟುಹೋಗಿ, ಪಶ್ಚಾತ್ತಾಪಪಟ್ಟು ಮರಳಿ ಬರುವ ಬೈಬಲ್ಲಿನ ತಪ್ಪಿಹೋದ ಮಗನ ಕಥೆ ಓದಿ, ಎಲ್ಲರೆದುರು ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಪೂರ್ತಿ ಕ್ಷಮಿಸ್ಬಿಟ್ಟೆ ಕಣಮ್ಮ" ಎಂದ. ನೆರೆದವರು ಆಮೆನ್ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕ್ಷಮೆ ಕೇಳಿದ್ದೆನೇ? ಅಮ್ಮನ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಲೂ ನನ್ನನ್ನು ಕರೆಯದವನು ಇವನು. ನನ್ನನ್ನು ಕರೆತಂದ ಗಂಡ ಆಗಲೂ ಗೇಟಿನಾಚೆ ಸ್ಕೂಟರಿಗೆ ಒರಗಿ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ.

"ಈಗ ತಾನೇ ಓದಿದ್ಯಲ್ಲ ಅಣ್ಣ, ಆ ಕಥೇಲಿ ಅಪ್ಪ ಓಡೋಗಿ ಮಗನ್ನ ತಬ್ಕೋತಾನೆ. ನಿಂಗೆ ಗೇಟ್‌ವರೆಗೂ ಹೋಗೋಕಾಗಲ್ವಾ?" ಎಂದೆ.

ಅಣ್ಣ ಅತ್ತಿಗೆಯ ಕಡೆ ತಿರುಗಿ, "ಅವ್ರಿಗೆ ಅಲ್ಲಿಗೇ ಒಂದು ಟೀ ಕಳ್ಸು" ಎಂದ.