ಬಚ್ಚಮ್ಮನ ಮಸಿ ಲಾಟೀನು

ಯಲ್ದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೋದಂಡರಾಮಪ್ಪ ಮೇಷ್ಟ್ರು ಹೊಳೆಯುವುದು ಏನು ಕಂಡರೂ ನಿಂತುಬಿಡುವವರು. ಕೆರೆ ಏರಿಯ ಮೇಲೆ ಸೈಕಲ್ಲಿಳಿದು, ನೀರಿನಿಂದ ಎದ್ದು ಬಂದ ಎಮ್ಮೆಯ ಬೆನ್ನು ನೋಡಿ "ಆಹಾ, ಗ್ಲಿಸನ್!" ಎನ್ನುವರು. ಎಮ್ಮೆಯ ಯಜಮಾನ ಅಪ್ಪಾಜಪ್ಪ ಅದರ ಬೆನ್ನನ್ನು ತಾನೂ ಒಮ್ಮೆ ನೋಡಿ, ಏನೂ ಕಾಣದೆ ಎಮ್ಮೆ ಹೊಡೆದುಕೊಂಡು ಹೋಗುವನು.

ತರಗತಿಯಲ್ಲೂ ಅದೇ ಧ್ಯಾನ. "ಒದ್ದೆಯಾಗಿ ಹೊಳೆದರೆ ಗ್ಲಿಸನ್. ಉರಿಯಿಲ್ಲದ ಕೆಂಡದ್ದು ಗ್ಲೋ. ಕೈಯಾಡಿ ಸವೆದ ಚೊಂಬಿನದು ಗ್ಲೀಮ್. ಹೊಸ ಗಾಜಿನ ಬಳೆಯದು ಗ್ಲಿಟರ್. ಮಸಿ ಹಿಡಿದ ಗಾಜಿನೊಳಗೆ ದೀಪ ಇದ್ದೂ ಇಲ್ಲದ ಹಾಗಿರುತ್ತಲ್ಲ, ಅದು ಗ್ಲಿಮ್ಮರ್." ಇವೆಲ್ಲ ಬಹಳ ಹಿಂದಿನ ಒಂದೇ ಬೇರಿನಿಂದ ಚಿಗುರಿದ ಮಾತುಗಳೆಂದೂ, ಗ್ಲಾಸು ಮತ್ತು ಗೋಲ್ಡು ಅವುಗಳ ದಾಯಾದಿಗಳೆಂದೂ ಹೇಳುವಾಗ ಅವರ ಮುಖವೇ ಬೆಳಗುತ್ತಿತ್ತು.

೧೯೭೮ರಲ್ಲಿ ಶಾಲೆಯ ತನಿಖೆಗೆ ಸಾಹೇಬರು ಬರುವ ಸುದ್ದಿ ಬಂತು. ಹಿಂದಿನ ವರ್ಷ ಬಂದವರು "ಪಾಠಕ್ಕಿಂತ ಎಮ್ಮೆಯ ಪ್ರಸ್ತಾಪವೇ ಹೆಚ್ಚು" ಎಂದು ಬರೆದುಹೋಗಿದ್ದರು. ಈ ಸಲವೂ ಹಾಗಾದರೆ ದೂರದೂರಿಗೆ ವರ್ಗ ಖಂಡಿತ.

ಹೆಂಡತಿ ಭಾರತಮ್ಮ ಹಿತ್ತಲಿನ ಮಾವಿನ ಗಿಡ ತೋರಿಸಿದರು. "ರೀ, ಆರು ವರ್ಷಕ್ಕೆ ಮಲ್ಗೋವ ಈಗ ಹೂ ಬಿಟ್ಟೈತೆ. ಬೇರೆಯವ್ರು ಬಂದು ಹಣ್ಣು ತಿನ್ಲಿ ಅಂತ ನಾನು ಬಿಂದಿಗೆ ಹೊತ್ತಿದ್ದಾ?"

ಮೇಷ್ಟ್ರು ಉಪಾಯ ಮಾಡಿದರು. ಬಗೆಬಗೆಯಾಗಿ ಹೊಳೆಯುವ ಒಂದೊಂದು ವಸ್ತುವನ್ನು ಮನೆಯಿಂದ ತರುವಂತೆ ಮಕ್ಕಳಿಗೆ ಹೇಳಿದರು. ಆದರೆ ಸಾಹೇಬರ ಮುಂದೆ ಇಡುವ ಪಾತ್ರೆಯನ್ನು ಯಲ್ದೂರಿನ ಯಾವ ತಾಯಿ ತೊಳೆಯದೆ ಕಳಿಸಿಯಾಳು? ಮನೆಮನೆಯಲ್ಲೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಅಜ್ಜನ ಕಾಲದ ಚೊಂಬು ನೆನ್ನೆ ಕೊಂಡಂತಾಯಿತು. ಲಾಟೀನುಗಳ ಗಾಜಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಪ್ಪಾಜಪ್ಪ ಎಮ್ಮೆಗೆ ಹೊಂಗೆ ಎಣ್ಣೆ ಬಳಿದು ಶಾಲೆಯ ಗೇಟಿನಲ್ಲಿ ಕಟ್ಟಿಯೂ ಹೋದ.

ಸಾಹೇಬರಾದ ವೆಂಕಟರಮಣಪ್ಪನವರು ಮೇಜಿನ ಮೇಲಿನದನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿದರು. "ಎಲ್ಲಾ ಒಂದೇ ಥರ ಹೊಳೀತವಲ್ರೀ ಮೇಷ್ಟ್ರೇ. ಇಷ್ಟೊಂದು ಪದ ಯಾಕೆ ಬೇಕು? ಎಲ್ಲಿ, ಆ ಗ್ಲಿಮ್ಮರ್ ತೋರಿಸಿ."

ಕಿಟಕಿ ಬಾಗಿಲು ಮುಚ್ಚಿ ಲಾಟೀನು ಹಚ್ಚಿದರು. ಕೋಣೆ ಮದುವೆಮನೆಯಂತೆ ಝಗಝಗಿಸಿತು.

"ಇದ್ರಲ್ಲಿ ಸೂಜಿಗೆ ದಾರ ಪೋಣಿಸಬಹುದು," ಎಂದು ಸಾಹೇಬರು ಪೆನ್ನಿನ ಕ್ಯಾಪು ತೆಗೆದರು.

ಮೇಷ್ಟ್ರು ಹೊರಗೆ ಓಡಿದರು. ಗೇಟಿನ ಬಳಿ ಬಚ್ಚಮ್ಮ ಬೇಯಿಸಿದ ಕಡಲೆಕಾಯಿ ಮಾರುತ್ತ ಕೂತಿದ್ದಳು. ಮುಸ್ಸಂಜೆಗೆಂದು ಇಟ್ಟುಕೊಂಡ ಲಾಟೀನು ಪಕ್ಕದಲ್ಲೇ ಇತ್ತು. ಅದರ ಗಾಜು ನೀರು ಕಂಡು ಎಷ್ಟು ವರ್ಷವಾಗಿತ್ತೋ!

"ಬಚ್ಚಮ್ಮಾ, ಬೇಗ ಲಾಟೀನು ಕೊಡು!"

"ಅಯ್ಯೋ ನಾಯ್ನಾ, ಮಸಿ ಹಿಡಿದೈತೆ. ತಾಳು, ಒರೆಸಿಕೊಡ್ತೀನಿ," ಎಂದು ಸೆರಗು ಎತ್ತಿದಳು.

"ಮುಟ್ಬೇಡ!" ಮೇಷ್ಟ್ರು ಕೂಗಿದ ರಭಸಕ್ಕೆ ಎಮ್ಮೆಯೂ ತಲೆಯೆತ್ತಿತು.

ಉಳಿದ ದೀಪಗಳನ್ನು ಆರಿಸಿ ಅದೊಂದನ್ನೇ ಹಚ್ಚಿದರು. ಕಪ್ಪು ಗಾಜಿನ ಹಿಂದೆ ಬೆಳಕೊಂದು ನಾಚಿಕೊಂಡು ಮಿಣುಕಿತು. ಯಾರೂ ಹೇಳಿಕೊಡದೆ ಮಕ್ಕಳು ಪಿಸುಗುಟ್ಟಿದರು: "ಗ್ಲಿಮ್ಮರ್."

ಸಾಹೇಬರು ಲಾಟೀನಿನ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಮೆಲ್ಲಗೆ, "ನಮ್ಮಜ್ಜಿ ಅಡುಗೆಮನೇಲಿ ಇಂಥದ್ದೇ ಇತ್ತು ಕಣ್ರೀ," ಎಂದರು. ಕಿಟಕಿ ತೆರೆಸಿ, "ಈ ಶಿಕ್ಷಕರು ಇಲ್ಲಿಯೇ ಮುಂದುವರಿಯಲಿ" ಎಂದು ಬರೆದರು.

ಆ ಬೇಸಿಗೆ ಮಲ್ಗೋವ ಬಿಟ್ಟದ್ದು ನಾಲ್ಕೇ ಹಣ್ಣು. ಒಂದನ್ನು ಭಾರತಮ್ಮನೇ ಬಚ್ಚಮ್ಮನಿಗೆ ಕೊಟ್ಟುಬಂದರು. ಹೋದಾಗ ಅಂಗಳದಲ್ಲಿ ಅವಳ ಸೊಸೆ ಆದಿಲಕ್ಷ್ಮಿ ಬೂದಿ ಹಿಡಿದು ಲಾಟೀನಿನ ಮುಂದೆ ಕೂತಿದ್ದಳು. ಬಚ್ಚಮ್ಮ ಒಳಗಿನಿಂದಲೇ ಗದರಿದಳು:

"ಲೇ, ಇಡೇ ಕೆಳಕ್ಕೆ! ಅದ್ರಾಗೆ ಇಂಗ್ಲಿಷ್ ಐತೆ!"