ವಾಸನೆ ಟೀವಿಯಲ್ಲಿ ಕಾಣುವುದಿಲ್ಲ

ಹೋದ ತಿಂಗಳು ಹೊಳೆನರಸೀಪುರದಲ್ಲಿ ಬಸ್ ಹತ್ತಿ ಕೂತಿದ್ದೆ. ಕಂಡಕ್ಟರ್ ಬಂದವನೇ ಟಿಕೆಟ್ ಕೊಡುವುದು ಬಿಟ್ಟು ನನ್ನ ಪಕ್ಕದಲ್ಲಿದ್ದವರ ಕಾಲು ಮುಟ್ಟಿಬಿಟ್ಟ.

‘ಸಾರಿನ್ ತಾತ ಅಲ್ವಾ ಸಾ ನೀವು? ನಮ್ಮನೇಲಿ ಮಕ್ಳು ನಿಮ್ಮನ್ನ ಟೀವೀಲಿ ನೋಡ್ದಲೆ ಉಣ್ಣಾದೇ ಇಲ್ಲ!’

ಹಿಂದಿನ ಸೀಟಿನಿಂದ ಇನ್ನೊಂದು ದನಿ: ‘ಊ ಕಣ್ಲಾ, ಅದೇ ತಾತ! ಸೌಟೆತ್ತಿ ಸೊರ್ ಅಂತ ಕುಡಿತಾನಲ್ಲ! ತಾತಾ, ಒಂದ್ಸಲ ಅಂಗೇ ಸೊರ್ ಅನ್ನು, ಕೇಳನ!’

ಇಡೀ ಬಸ್ಸು ಕಿವಿಗೊಟ್ಟು ಕೂತಿತು. ತಾತ ಸೊರ್ ಅನ್ನಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

‘ಜಂಬ ನೋಡ್ಲಾ! ಟೀವೀಲಿ ಬಂದ್ಬುಟ್ರೆ ಎಲ್ಲಾರ್ದೂ ಇಂಗೇ ಕಣ’ ಎಂಬ ತೀರ್ಪು ಹೊರಬಿತ್ತು. ಬಸ್ಸು ಹೊರಟಿತು.

ಜಂಬವೇ? ನನ್ನ ಪಕ್ಕದಲ್ಲಿ ಕೂತಿದ್ದ ಮನುಷ್ಯ ಹೆಗಲ ವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದರು.

ಇವರು ಅಡುಗೆ ನಚ್ಚಣ್ಣ. ಎಪ್ಪತ್ತೈದು ದಾಟಿದೆ. ಹೊಳೆನರಸೀಪುರದವರು. ನಮ್ಮ ಬಳಗದ ಮದುವೆ, ಮುಂಜಿ, ತಿಥಿ, ಸಮಾರಾಧನೆ ಯಾವುದೇ ಇರಲಿ, ಪುರೋಹಿತರಿಗಿಂತ ಮೊದಲು ಇವರ ದಿನ ಕೇಳುವುದು ವಾಡಿಕೆ. ಚನ್ನರಾಯಪಟ್ಟಣದಿಂದ ಅರಕಲಗೂಡಿನ ತನಕ ಇವರು ಒಲೆ ಹೂಡದ ಹಿತ್ತಲಿಲ್ಲ. ನನ್ನ ಮದುವೆಗೂ ಇವರದೇ ಅಡುಗೆ.

ಇವರ ಅಡುಗೆ ಮಡಿ ಅಡುಗೆ. ಅಂದರೆ, ದೇವರಿಗೆ ನೈವೇದ್ಯವಾಗುವ ತನಕ ಯಾರೂ ಅದನ್ನು ಬಾಯಿಗಿಡುವಂತಿಲ್ಲ. ಮಾಡಿದವನೂ ಇಡುವಂತಿಲ್ಲ. ಇಟ್ಟರೆ ಎಂಜಲು. ಊರಿಗೆಲ್ಲ ಆಗುವಷ್ಟು ಸಾರಿದ್ದರೂ ಚರಂಡಿಗೆ.

ಹಾಗಾದರೆ ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುವುದು ಹೇಗೆ? ಸಾರು ಕುದಿಯುವಾಗ ನಚ್ಚಣ್ಣ ಕೊಳದಪ್ಪಲೆಯಿಂದ ಒಂದು ಮಾರು ಈಚೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ, ತಲೆ ವಾಲಿಸಿ, ಸುಮ್ಮನೆ. ಆಮೇಲೆ, ‘ಇನ್ನೊಂದು ಚೂರು ಉಪ್ಪು’ ಅನ್ನುತ್ತಿದ್ದರು. ನೈವೇದ್ಯಕ್ಕೆ ಮುಂಚೆ ಮೂಸುವುದೂ ತಪ್ಪಲ್ಲವೇ ಎಂದು ಯಾರೋ ಆಚಾರವಂತರು ಕೆಣಕಿದಾಗ, ‘ನಾನೆಲ್ಲಿ ಮೂಸಿದೆ? ಹಬೆ ತಾನಾಗಿ ಬಂದರೆ ಮೂಗು ಮುಚ್ಕೊಂಡು ನಿಂತ್ಕೊಳ್ಳಲಾ?’ ಅಂದಿದ್ದರಂತೆ.

(ಅವರು ನಿಲ್ಲುತ್ತಿದ್ದದ್ದು ಹೀಗೆಂದು ನನ್ನ ನೆನಪು. ಈ ಚಿತ್ರವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ನನ್ನ ಕೈಯಲ್ಲಂತೂ ಅದು ನಿಲ್ಲಲಿಲ್ಲ.)

ನಾನು ತತ್ತ್ವಶಾಸ್ತ್ರ ಓದಿದವನು. ಮಡಿಯನ್ನು ನಂಬುವವನಲ್ಲ. ಎಂಜಲು ಎಂಬ ಮಾತು ಎಷ್ಟು ಜನರನ್ನು ಎಷ್ಟು ಬಾಗಿಲುಗಳ ಆಚೆ ನಿಲ್ಲಿಸಿದೆ ಎಂದು ಗೊತ್ತಿರುವವನು. ಆದರೂ ಆ ಕಣ್ಣು ಮುಚ್ಚಿದ ಮುಖದಲ್ಲಿ ಮಡಿಗಿಂತ ಬೇರೆಯದೇನೋ ಇತ್ತು. ಅದಕ್ಕೆ ನನ್ನ ವಿಶ್ವವಿದ್ಯಾಲಯ ಹೆಸರು ಕಲಿಸಲಿಲ್ಲ.

ಎರಡು ವರ್ಷದ ಕೆಳಗೆ ಸಾರಿನ ಪುಡಿಯ ಕಂಪನಿಯೊಂದು ಜಾಹೀರಾತು ತೆಗೆಯಲು ಹೊಳೆನರಸೀಪುರಕ್ಕೆ ಬಂತು. ಹಳೇ ಕಾಲದ ಮನೆ ಸಿಕ್ಕಿತು. ಹಳೇ ಕಾಲದ ಮುಖವೊಂದು ಬೇಕಿತ್ತು. ನಚ್ಚಣ್ಣ ಹೊಳೆಯಲ್ಲಿ ಸ್ನಾನ ಮಾಡಿ ಬರುತ್ತಿದ್ದರು. ಕಂಪನಿಯವರು ಅವರನ್ನೇ ಹಿಡಿದರು. ಹೆಗಲಿಗೆ ಕೆಂಪು ಅಂಚಿನ ಶಾಲು ಹೊದಿಸಿದರು (ಒಲೆಯ ಮುಂದೆ ಶಾಲು ಹೊದೆಯುವ ಅಡುಗೆಯವನನ್ನು ಯಾರು ನೋಡಿದ್ದಾರೆ?). ಸೌಟಿನಿಂದ ಸೊರ್ ಎಂದು ಕುಡಿದು, ‘ಆಹಾ, ಇದಪ್ಪಾ ಸಾರು!’ ಅನ್ನಬೇಕು ಎಂದರು.

‘ನಾವು ರುಚಿ ನೋಡೋದಿಲ್ಲ ಸ್ವಾಮಿ. ಹಬೇಲೇ ಗೊತ್ತಾಗುತ್ತೆ’ ಅಂದರಂತೆ ನಚ್ಚಣ್ಣ.

ಡೈರೆಕ್ಟರ್ ನಕ್ಕನಂತೆ. ‘ತಾತಾ, ವಾಸನೆ ಟೀವೀಲಿ ಕಾಣಲ್ಲ.’

ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಿಲ್ಲ. ಪಾತ್ರೆ ಇಣುಕಿ ನೋಡಿದರು. ಅದರಲ್ಲಿದ್ದದ್ದು ಬಣ್ಣ ಬರಲೆಂದು ಅರಿಶಿನ ಕಲಸಿದ ಬಿಸಿನೀರು. ಅವರು ಅವರದೇ ತರ್ಕ ಹೂಡಿದರು. ಇದು ಸಾರಲ್ಲ. ಸಾರಲ್ಲದ ಮೇಲೆ ನೈವೇದ್ಯವಿಲ್ಲ. ನೈವೇದ್ಯವಿಲ್ಲದ ಮೇಲೆ ಎಂಜಲೆಲ್ಲಿ ಬಂತು? ಕುಡಿದರು. ತರ್ಕಶಾಸ್ತ್ರ ಪಾಠ ಮಾಡುವ ನನಗೂ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಅದು ಅರಿಶಿನದ ನೀರು ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು, ಅದೊಂದನ್ನು ಅವರು ಯೋಚಿಸಲಿಲ್ಲ.

ಸಂಜೆಯ ಧಾರಾವಾಹಿಗಳ ನಡುವೆ ನಚ್ಚಣ್ಣ ಮನೆಮನೆಯಲ್ಲಿ ಸೊರ್ ಎಂದರು. ಅತ್ತೆ-ಸೊಸೆ ಜಗಳ ಕಾವೇರುವ ಹೊತ್ತಿಗೆ ಸರಿಯಾಗಿ ಸೊರ್. ಹಾಸನದ ದಿನಸಿ ಅಂಗಡಿಗಳ ಮುಂದೆ ಅವರ ಆಳೆತ್ತರದ ಕಟೌಟ್ ನಿಂತಿತು. ಶಾಲೆಯ ಮಕ್ಕಳು ಆಟೋಗ್ರಾಫ್ ಕೇಳಿದರು. ಆಟೋದವರು ಕರೆದು ಕೂರಿಸಿಕೊಂಡರು. ಐವತ್ತು ವರ್ಷ ಸಾವಿರಾರು ಎಲೆಗೆ ಬಡಿಸಿದವರ ಹೆಸರನ್ನು ಉಂಡವರು ಕೇಳಿರಲಿಲ್ಲ. ಈಗ ಉಣ್ಣದವರಿಗೆಲ್ಲ ಗುರುತು!

ಅಡುಗೆಮನೆಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಮುಖಕ್ಕೆ ಹೊಡೆದಂತೆ ಯಾರೂ ಹೇಳಲಿಲ್ಲ. ‘ಈ ಸಲ ತಿಥಿ ಮನೆಮಟ್ಟಿಗೆ ಮಾಡ್ತಿದೀವಿ ನಚ್ಚಣ್ಣ.’ ‘ಮುಂಜಿ ಮಠದಲ್ಲೇ ಮಾಡ್ಬಿಡ್ತಿದೀವಿ.’ ಬೆನ್ನ ಹಿಂದೆ ಮಾತ್ರ ಒಂದೇ ಮಾತು: ‘ಸೌಟಿಗೇ ಬಾಯಿಟ್ಟನಲ್ಲ!’

ಕೊನೆಗೆ ಉಳಿದದ್ದು ಚನ್ನರಾಯಪಟ್ಟಣದ ರಂಗಣ್ಣನ ಮನೆ. ರಂಗಣ್ಣ ನನ್ನ ದೊಡ್ಡಪ್ಪನ ಮಗ, ಬ್ಯಾಂಕಿನಿಂದ ರಿಟೈರ್ ಆದವನು. ಮಗಳ ಮದುವೆ ಗೊತ್ತಾಗಿತ್ತು. ರಂಗಣ್ಣನ ಅಪ್ಪನ ಮದುವೆಗೆ ನಚ್ಚಣ್ಣ ಕಾಯಿ ತುರಿಯುವ ಹುಡುಗ, ರಂಗಣ್ಣನ ಮದುವೆಗೆ ಯಜಮಾನ. ಮೂರನೆಯ ತಲೆಮಾರಿನವಳ ಮದುವೆಗೆ ಇನ್ನೂ ಹೇಳಿಕಳಿಸಿರಲಿಲ್ಲ.

‘ನೀನು ಓದಿದೋನು. ಬಂದು ಒಂದು ಮಾತು ಹೇಳಪ್ಪ. ಒಲೆ ಮುಂದೆ ನಿಲ್ಲದೆ ನಾನು ಯಾರು ಅಂತ ನನಗೇ ಗೊತ್ತಾಗ್ತಿಲ್ಲ’ ಎಂದು ನಚ್ಚಣ್ಣ ನನ್ನನ್ನು ಕರೆದದ್ದು ಇದಕ್ಕೆ. ಮಡಿ ನಂಬದ ನಾನು ಒಬ್ಬರ ಮಡಿಗೆ ಸಾಕ್ಷಿ ಹೇಳಲು ಆ ಬಸ್ಸು ಹತ್ತಿದ್ದೆ!

ರಂಗಣ್ಣ ಬಾಗಿಲಿಗೇ ಬಂದು ಕೈ ಹಿಡಿದ. ‘ಬನ್ನಿ ಬನ್ನಿ, ಸೂಪರ್ ಸ್ಟಾರು! ನಿಮ್ಮನ್ನ ಬಿಟ್ಟು ಮದುವೆ ಮಾಡ್ತೀವಾ? ಗಂಡಿನ ಕಡೆಯೋರು ಆಗ್ಲೇ ಕೇಳಿದಾರೆ. ಛತ್ರದ ಬಾಗಿಲಲ್ಲಿ ನೀವೇ ನಿಲ್ಲಬೇಕು. ಅದೇ ಶಾಲು, ಕೈಯಲ್ಲಿ ಅದೇ ಸೌಟು. ಎಲ್ಲರೂ ಫೋಟೋ ತೆಗೆಸ್ಕೋತಾರೆ.’

‘ಅಡುಗೆ?’ ಅಂದರು ನಚ್ಚಣ್ಣ.

‘ಅದಕ್ಕೆ ಹಾಸನದ ಕಾಂಟ್ರಾಕ್ಟರ್‌ಗೆ ಹೇಳಿದೀನಿ. ಈ ವಯಸ್ಸಲ್ಲಿ ನಿಮಗ್ಯಾಕೆ ಶ್ರಮ?’

ನಾನು ತಡೆಯಲಾರದೆ ಕೇಳಿದೆ: ‘ರಂಗಣ್ಣ, ಆ ಕಾಂಟ್ರಾಕ್ಟರ್ ಕಡೆಯವರು ಗುಟ್ಕಾ ಜಗೀತಾ ಸಾರು ನೆಕ್ಕಿ ನೋಡ್ತಾರೆ. ಅದು ನಡೆಯುತ್ತಾ?’

‘ನಾವು ಅದನ್ನ ನೋಡಲ್ವಲ್ಲೋ! ಇವರದ್ದು ಇಡೀ ಕರ್ನಾಟಕ ನೋಡಿದೆ.’

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನಾನು ಕೇಳಿಲ್ಲ.

‘ಅದು ಸಾರಲ್ಲ ಕಣಯ್ಯ, ಅರಿಶಿನದ ನೀರು’ ಅಂದರು ನಚ್ಚಣ್ಣ. ‘ಅಡುಗೆಮನೇಲಿ ನಾನು ಯಾವತ್ತಾದ್ರೂ ಬಾಯಿಗಿಟ್ಟಿದ್ದು ಉಂಟಾ?’

ಕಾಫಿ ತಂದ ಅತ್ತಿಗೆ ಲೋಟ ಇಡುತ್ತ ಅಂದರು: ‘ಹಾಗನ್ನಬೇಡಿ ನಚ್ಚಣ್ಣ. ನಮ್ಮ ಮದುವೇಲಿ ನಾನೇ ಕಣ್ಣಾರೆ ನೋಡಿದೀನಿ. ಹೀಗೇ ಸೌಟೆತ್ತಿ ಕುಡೀತಿದ್ರಿ. ಆವಾಗ ಚಿಕ್ಕೋಳು, ಹೇಳೋಕೆ ಹೆದರಿದೆ.’

‘ನಾನಾ, ತಾಯಿ?’

‘ಹೂಂ ಮತ್ತೆ. ಕಣ್ಣಿಗೆ ಕಟ್ಟಿದ ಹಾಗಿದೆ.’

ಅತ್ತಿಗೆ ಸುಳ್ಳು ಹೇಳುವ ಹೆಂಗಸಲ್ಲ. ಅದೇ ಭಯಂಕರ. ಅವರಿಗೆ ನಿಜವಾಗಿಯೂ ಹಾಗೇ ಕಂಡಿತ್ತು.

ನಚ್ಚಣ್ಣ ನನ್ನ ಕಡೆ ತಿರುಗಿದರು. ‘ನೀನು ಹೇಳಪ್ಪ. ಅರಕಲಗೂಡಲ್ಲಿ ನಿನ್ನ ಮದುವೆ ದಿನ ಕಾಫಿ ಕೇಳ್ಕೊಂಡು ಒಳಗೆ ಬಂದೆ. ಸಾರು ಕುದೀತಿತ್ತು. ನಾನೇನು ಮಾಡ್ತಿದ್ದೆ?’

ಉತ್ತರ ನನಗೆ ಗೊತ್ತಿತ್ತು. ಒಂದು ಮಾರು ಈಚೆ, ಕಣ್ಣು ಮುಚ್ಚಿ, ತಲೆ ವಾಲಿಸಿ. ಗೆಳೆಯರಿಗೆ ಎಷ್ಟು ಸಲ ಹೇಳಿಲ್ಲ! ಆದರೆ ಸಾಕ್ಷಿಯೆಂದರೆ ಸಾಕ್ಷಿ, ಒಮ್ಮೆ ನೋಡಿಕೊಂಡೇ ಹೇಳೋಣ ಎಂದು ನಾನೂ ಕಣ್ಣು ಮುಚ್ಚಿದೆ.

ಕಂಡದ್ದು ಸೌಟು. ಸೌಟಿಗಿಟ್ಟ ತುಟಿ. ಹೆಗಲ ಮೇಲೆ ಕೆಂಪು ಅಂಚಿನ ಶಾಲು.

ನನ್ನ ಮದುವೆ ಆದದ್ದು ಬೇಸಿಗೆಯಲ್ಲಿ. ನಚ್ಚಣ್ಣ ಬರಿಮೈಯಲ್ಲಿ ಬೆವರು ಸುರಿಸುತ್ತಿದ್ದಿರಬೇಕು. ಶಾಲು ಎಲ್ಲಿಂದ ಬರಬೇಕು? ಅದು ಜಾಹೀರಾತು, ನನ್ನ ಮದುವೆಯಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಶಾಲನ್ನು ಎಳೆದೆಸೆದು ನೋಡಲು ಯತ್ನಿಸಿದೆ. ಹಿಂದೆ ಏನೂ ಇರಲಿಲ್ಲ. ಬರೀ ಹೊಗೆ.

‘ಇಲ್ಲ, ನೀವು ಬಾಯಿಗಿಡಲಿಲ್ಲ’ ಅಂದೆ. ಅಂದೆನೇ? ಅಂದೆನೆಂದೇ ನನ್ನ ನಂಬಿಕೆ. ಆದರೆ ಅನ್ನುವ ಮೊದಲು ಬಹಳ ತಡಮಾಡಿದೆ. ಕಣ್ಣು ಬಿಟ್ಟಾಗ ನಚ್ಚಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಹಬೆಯಲ್ಲೇ ಉಪ್ಪು ಕಂಡುಹಿಡಿಯುವ ಮನುಷ್ಯ. ನನ್ನ ಅನುಮಾನ ಅವರಿಗೆ ತಿಳಿಯದೆ ಇರುತ್ತದೆಯೆ?

‘ಶಾಲು ಮನೇಲಿದೆ ರಂಗಣ್ಣ. ಒಗೆಸಿ ತರ್ತೀನಿ’ ಅಂದರು.

ಮೊನ್ನೆ ಭಾನುವಾರ ಮದುವೆ ಆಯಿತು. ನಚ್ಚಣ್ಣ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದರು. ಬಂದವರೆಲ್ಲ ಸಾಲುಗಟ್ಟಿ ಫೋಟೋ ತೆಗೆಸಿಕೊಂಡರು. ಫೋಟೋಗ್ರಾಫರ್ ಹೇಳಿದಾಗಲೆಲ್ಲ ಖಾಲಿ ಸೌಟನ್ನು ತುಟಿಗೆ ಎತ್ತಿದರು. ಹಿತ್ತಲಿನಿಂದ ಕಾಂಟ್ರಾಕ್ಟರನ ಸಾರಿನ ಹಬೆ ಬರುತ್ತಿತ್ತು. ಅವರು ಆ ಕಡೆಗೆ ಬೆನ್ನು ಹಾಕಿ ನಿಂತಿದ್ದರು.

ಉಂಡು ಕೈತೊಳೆದು ಬಂದ ಬೀಗರು ಅವರ ಬೆನ್ನು ತಟ್ಟಿದರು: ‘ಏನು ಸಾರು ತಾತಾ! ಟೀವೀಲಿ ಕಂಡ ಹಾಗೇ ಇತ್ತು!’

ನಚ್ಚಣ್ಣ ಕೈಮುಗಿದರು. ಊಟಕ್ಕೆ ಕೂರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ: ‘ನಮ್ಮ ಮದುವೇಲಿ ನಚ್ಚಣ್ಣ ಹೇಗಿದ್ರು, ನೆನಪಿದೆಯಾ?’ ‘ಯಾಕಿಲ್ಲ? ಕೆಂಪು ಅಂಚಿನ ಶಾಲು ಹೊದ್ಕೊಂಡಿದ್ರು’ ಅಂದಳು.

ನಿಮ್ಮ ಮದುವೆಯ ಸಾರು ಕುದಿಯುವಾಗ ಅಲ್ಲಿ ಯಾರು ನಿಂತಿದ್ದರು, ಸ್ವಲ್ಪ ಕಣ್ಣು ಮುಚ್ಚಿ ನೋಡುತ್ತೀರಾ, ಇವತ್ತು ಸಂಜೆ ಟೀವಿ ಹಾಕುವ ಮೊದಲು?