ಹೆಸರು ಹೇಳಿದ ಮದ್ದು

ಬೊಂಬಾಯಿಯ ಪರೇಲಿನಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದ ದಿನ ಮನೆಯೊಡತಿ ಶಾಂತಾಬಾಯಿಯವರು ನನ್ನ ಎರಡೂ ಅಂಗೈಗಳನ್ನು ಹಿಡಿದು ಮೂಸಿ ನೋಡಿದರು. ನಮ್ಮೂರಾದ ಬಿಳಿಚೋಡಿನಲ್ಲಿ ಹೊಸಬರನ್ನು ಕಂಡರೆ ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಕೈ ಮೂಸುವ ಪದ್ಧತಿಯನ್ನು ನಾನು ಕಂಡಿರಲಿಲ್ಲ. ಕ್ಯಾನ್ಸರ್ ಕುರಿತ ಪ್ರಯೋಗಾಲಯದಲ್ಲಿ ನನಗೆ ಕೆಲಸ ಎಂದು ಹೇಳಿದ್ದೇ ಇದಕ್ಕೆ ಕಾರಣ. ಆ ರೋಗ ಅಂಟುವುದಿಲ್ಲವೆಂದು ನನ್ನ ಅರೆಬರೆ ಹಿಂದಿಯಲ್ಲಿ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, ಹೊರಗಿನಿಂದ ಬಂದೊಡನೆ ಅಂಗಳದ ನಲ್ಲಿಯಲ್ಲಿ ಕೈ ತೊಳೆಯದೆ ಯಾವ ಬಾಗಿಲನ್ನೂ ಮುಟ್ಟಕೂಡದೆಂಬ ಷರತ್ತಿನ ಮೇಲೆ ಖೋಲಿಯನ್ನು ಕೊಟ್ಟರು. ಖೋಲಿಯೆಂದರೆ ಒಂದೇ ಕೋಣೆಯ ಮನೆ. ಅಂತಹ ಖೋಲಿಗಳು ಒಂದೇ ಉದ್ದನೆಯ ಪಡಸಾಲೆಗೆ ಸಾಲಾಗಿ ತೆರೆದುಕೊಂಡಿದ್ದರೆ ಅದು ಚಾಳು.

ಬಿಳಿಚೋಡಿನಲ್ಲಿ ಹಗಲು ಬಾಗಿಲು ಮುಚ್ಚಿದರೆ ಏನಾಯಿತೆಂದು ಕೇಳುತ್ತಾರೆ. ಚಾಳಿನಲ್ಲಿ ನಾನು ಬಾಗಿಲು ತೆರೆದರೆ ಕೇಳುತ್ತಿದ್ದರು. ನಮ್ಮ ಜೋಳದ ರೊಟ್ಟಿಯೇ ಅಲ್ಲಿ ಭಾಕರಿ. ಅದನ್ನು ಮರಾಠಿಯಲ್ಲಿ ಕೇಳಿ ಪಡೆಯುವಷ್ಟು ಧೈರ್ಯ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ.

ಕೆಲಸದಲ್ಲಿಯೂ ಸಂಶಯವೇ ಮೊದಲ ಪಾಠ. ನಮ್ಮ ಜಗಳೂರು ಸೀಮೆಯ ಹತ್ತಿ ಬೆಳೆಗಾರರಿಗೆ ಆ ಕೆಲಸವನ್ನು ತಿಳಿಸುವುದು ಸುಲಭ. ಮೊದಲ ವರ್ಷ ಎಣ್ಣೆ, ಅಂದರೆ ಕೀಟನಾಶಕ, ಹೊಡೆದೊಡನೆ ಸತ್ತ ಹುಳ, ಕೆಲವು ವರ್ಷಗಳಲ್ಲಿ ಅದೇ ಎಣ್ಣೆಗೆ ಜಗ್ಗುವುದಿಲ್ಲ. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳೂ ಒಳಹೊಕ್ಕ ಔಷಧಿಯನ್ನು ಹೊರನೂಕಲು ಕಲಿತುಬಿಡುತ್ತವೆ. ಅಂತಹ ಕೋಶಗಳನ್ನು ಗಾಜಿನ ಸೀಸೆಗಳಲ್ಲಿ ಬೆಳೆಸಿ, ಔಷಧಿಯ ಜೊತೆಗೆ ಬೇರು, ತೊಗಟೆ, ಕಾಳುಗಳ ಸತ್ವವನ್ನು ಹಾಕಿ ಪರೀಕ್ಷಿಸುವುದು ನಮ್ಮ ಮೇಲಧಿಕಾರಿಯಾದ ಮೇಡಂ ಅವರ ಸಂಶೋಧನೆ. ಸತ್ವವೇ ಕೋಶವನ್ನು ಕೊಲ್ಲಬೇಕಾಗಿಲ್ಲ. ಔಷಧಿ ಹೊರಬೀಳುವ ದಾರಿಯನ್ನು ತಡೆದರೆ ಸಾಕು. ಕೆಲವು ಸೀಸೆಗಳಲ್ಲಿ ಹಾಗೆ ಆಗುತ್ತಿತ್ತು. ಸೀಸೆಯಲ್ಲಿ ಆದದ್ದು ಮನುಷ್ಯರಲ್ಲಿ ಆಗುತ್ತದೆಂದು ಎಲ್ಲಿಯೂ ಬಾಯಿ ಬಿಡಬಾರದೆಂದು ಮೇಡಂ ಎಚ್ಚರಿಸಿದ್ದರು.

ಹೀಗಿರುವಾಗ ನಮ್ಮ ಸೀಮೆಯದೇ ಆದ ಸೊಕ್ಕೆ ಹಳ್ಳಿಯಿಂದ ನನ್ನ ದೊಡ್ಡಮ್ಮ ಬಂದರು. ತಾಯಿಯಿಲ್ಲದ ನನ್ನನ್ನು ಸಾಕಿ ಓದಿಸಿದವರು ಅವರೇ. ಅವರ ಕುತ್ತಿಗೆಯಲ್ಲಿ ಎದ್ದಿದ್ದ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ನನ್ನ ಖೋಲಿಯಲ್ಲಿದ್ದುಕೊಂಡು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಪಡೆಯತೊಡಗಿದರು. ಆಸ್ಪತ್ರೆಯ ಹಾಲನ್ನೂ ನರ್ಸಮ್ಮನ ನಗುವನ್ನೂ ಅವರು ಒಂದೇ ಬಗೆಯಾಗಿ ಅನುಮಾನಿಸುತ್ತಿದ್ದರು. ಅವರ ಭಯವನ್ನು ಹೋಗಲಾಡಿಸಲೆಂದು, ಪಡಸಾಲೆಯಲ್ಲಿ ಶಾಂತಾಬಾಯಿಯವರು ತುಪ್ಪದ ಡಬ್ಬಿಯಲ್ಲಿ ಬೆಳೆಸಿದ್ದ ಗಿಡವನ್ನು ಒಂದು ದಿನ ತೋರಿಸಿದೆ. ಅಲ್ಲಿನವರು ಅದನ್ನು ಸದಾಫುಲಿ ಎನ್ನುತ್ತಾರೆ.

"ನೋಡು ದೊಡ್ಡಮ್ಮ, ನಿನಗೆ ಹಾಕೋ ಸೂಜಿ ಮದ್ದು ಇದರಿಂದಾನೇ ತೆಗೆದಿರೋದು. ನಮ್ಮ ನಿತ್ಯಪುಷ್ಪ."

ದೊಡ್ಡಮ್ಮ ಥಟ್ಟನೆ ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದರು. ನನಗೆ ಕಾರಣ ತಿಳಿಯಲಿಲ್ಲ. ನಾನು ಬೆರಳು ತೋರಿಸಿದ್ದನ್ನು ಕಂಡಿದ್ದ ಶಾಂತಾಬಾಯಿಯವರು, ಗಿಡಕ್ಕೆ ಕೈ ಹಾಕುತ್ತೇವೆಂಬ ಅನುಮಾನದಿಂದಲೋ ಏನೋ, ಮರುದಿನ ಡಬ್ಬಿಯನ್ನು ಒಳಗಿಟ್ಟುಕೊಂಡರು.

ಮೊದಲು ಗಡ್ಡೆ ಕರಗಿತು. ಕೆಲವು ತಿಂಗಳುಗಳಲ್ಲಿ, ಅದೇ ಇಂಜೆಕ್ಷನ್ ನಡೆಯುತ್ತಿದ್ದಾಗಲೇ, ಮತ್ತೆ ಬೆಳೆಯಿತು. ವೈದ್ಯರು ಬೇರೆ ಔಷಧಿಯನ್ನು ಕೊಡಲು ನಿಶ್ಚಯಿಸಿದರು. ಆದರೆ ದೊಡ್ಡಮ್ಮನ ಕಣ್ಣು ಹಳದಿಯಾಗಿತ್ತು. ಊರಿನ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದೇನೆಂದು ಹೇಳಬೇಕು, ನಿಲ್ಲಿಸಬೇಕು, ಇಲ್ಲವಾದರೆ ಹೊಸ ಇಂಜೆಕ್ಷನ್ ಸಾಧ್ಯವಿಲ್ಲ ಎಂದರು. ದೊಡ್ಡಮ್ಮ ಏನೂ ಇಲ್ಲವೆಂದರು. ಬೆಳಿಗ್ಗೆ ಅವರು ಗೋಡೆಯ ಕಡೆ ತಿರುಗಿ ಮಜ್ಜಿಗೆಯಲ್ಲಿ ಏನನ್ನೋ ಕದಡಿ ಕುಡಿಯುವುದನ್ನು ನಾನು ಗಮನಿಸಿದ್ದೆ.

"ಅದೇನದು, ದೊಡ್ಡಮ್ಮ?"

"ನ್ಯಾಮತಿ ಕಡೆಯಿಂದ ತರಿಸಿದ್ದು. ಬೇರಿನ ಪುಡಿ."

"ಯಾವ ಬೇರು?"

"ಕೇಳಬಾರ್ದು. ಕೊಟ್ಟೋರೂ ಹೇಳಬಾರ್ದು. ಹೆಸರು ಹೇಳಿದ್ರೆ ಮದ್ದು ಸಾಯ್ತೈತೆ. ಇಷ್ಟು ಓದಿ ಇದು ತಿಳೀದಾ ನಿನಗೆ?"

ತಿಳಿದಿತ್ತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯ ನಾಟಿ ವೈದ್ಯರು ಬೇರು ಕೀಳುವಾಗ ಮಾತನಾಡುವುದಿಲ್ಲ, ಗಿಡದ ಹೆಸರನ್ನು ಮಗನಿಗಲ್ಲದೆ ಹೇಳುವುದಿಲ್ಲ. ಪದವಿ ಪಡೆದ ಮೇಲೆ ಅದನ್ನು ನಾನು ಮರೆತಂತೆ ಇದ್ದೆ.

"ಕಣ್ಣು ಹಳದಿ ಆಗೈತೆ, ಗಡ್ಡೆ ತಿರುಗಿ ಬಂದೈತೆ. ಎಲ್ಲಾ ಈ ಪುಡಿಯಿಂದಾನೇ ಇರಬೌದು," ಎಂದೆ.

"ಗಡ್ಡೆ ಬಂದಿದ್ದು ನಿನ್ನಿಂದ, ತಿಪ್ಪೇಶಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಸೂಜಿ ಚೆನ್ನಾಗೇ ನಾಟಿತ್ತು. ನೀನು ಎಲ್ಲರ ಎದುರಿಗೆ ಗಿಡ ತೋರಿಸಿ ಹೆಸರು ಹೇಳಿದೆ. ಆಮ್ಯಾಲೆ ಅದರ ಕಸುವು ಹೋಯ್ತು."

"ಹಂಗಲ್ಲ. ಗಡ್ಡೆ ಆ ಮದ್ದನ್ನ ಗುರುತು ಹಿಡಿದು ಹೊರಗೆ ತಳ್ಳಾಕೆ ಕಲ್ತೈತೆ."

"ನಾನೂ ಅದನ್ನೇ ಅಂದಿದ್ದು. ಗುರುತು ಹೇಳಿಕೊಟ್ಟೋರು ಯಾರು?"

ಅವರು ಲೋಟ ಕೆಳಗಿಟ್ಟು, "ನೀನು ಸೀಸೆಗೆ ಬೇರಿನ ರಸ ಹಾಕಿದ್ರೆ ಓದು. ನಾನು ಮಜ್ಜಿಗೆಗೆ ಹಾಕಿದ್ರೆ ಮೂಢತನಾನಾ?" ಎಂದರು.

"ತಪ್ಪಾದ್ರೆ ನಾವು ಸೀಸೆ ಚೆಲ್ತೀವಿ, ದೊಡ್ಡಮ್ಮ. ನಿನ್ನ ಹೆಂಗೆ ಚೆಲ್ಲಲಿ?"

ಅವರು ಎದ್ದು ಅನ್ನಕ್ಕಿಟ್ಟು ಬಂದು ಹೇಳಿದರು: "ಹೊಸ ಸೂಜಿಯ ಹೆಸರು ನನಗೂ ಹೇಳಬ್ಯಾಡ, ಊರಾಗೂ ಹೇಳಬ್ಯಾಡ. ಮಾತು ಕೊಟ್ರೆ ಪುಡಿ ಬಿಡ್ತೀನಿ."

ಮಾತು ಕೊಟ್ಟೆ. ಉಳಿದ ಪುಡಿಯನ್ನು ಪರೀಕ್ಷೆಗೆ ಕೊಡೆಂದರೆ ಮಾತ್ರ ಒಪ್ಪಲಿಲ್ಲ. ಹರಿಯುವ ನೀರಿಗೇ ಬಿಡಬೇಕೆಂದು ದಾದರಿನ ಸಮುದ್ರಕ್ಕೆ ಸುರಿದರು. ಕಣ್ಣು ಹಳದಿಯಾದದ್ದು ಆ ಪುಡಿಯಿಂದಲೋ, ರೋಗದಿಂದಲೋ ಇಂದಿಗೂ ತಿಳಿಯದು. ನಮ್ಮ ಸೀಸೆಗಳ ಸತ್ವದಂತೆ ಅದು ಮೊದಲಿನ ಇಂಜೆಕ್ಷನ್ನಿಗೆ ಕೆಲವು ಕಾಲ ನೆರವಾಗಿತ್ತೇ ಎಂಬ ಅನುಮಾನವೂ ನನ್ನನ್ನು ಬಿಟ್ಟಿಲ್ಲ. ಅದನ್ನು ಮೇಡಂ ಅವರಿಗೆ ಹೇಳಿದಾಗ, "ನೀವಿನ್ನೂ ಹಳ್ಳಿಯವರೇ," ಎಂದರು.

ಹೆಸರು ತಿಳಿಯದ ಬೇರಿನ ಪುಡಿ ನಿಂತಿತೆಂದು ವೈದ್ಯರಿಗೆ ತಿಳಿಸಿದೆ. ಕಣ್ಣು ತಿಳಿಯಾದ ಮೇಲೆ ಹೊಸ ಇಂಜೆಕ್ಷನ್ ಆರಂಭವಾಯಿತು. ಗಡ್ಡೆ ಈಗ ಇಳಿಯುತ್ತಿದೆ. ಮತ್ತೆ ಬರುವುದಿಲ್ಲವೆಂದು ಯಾರೂ ಹೇಳುತ್ತಿಲ್ಲ. ಹೇಳಿದರೂ ನಾನು ನಂಬಲಾರೆ. ನಡುವೆ ಬಿಡುವು ಸಿಕ್ಕಾಗ ಅವರನ್ನು ಸೊಕ್ಕೆಗೆ ಕರೆತಂದೆ. ಜಗಳೂರಿನ ಬಸ್ ನಿಲ್ದಾಣದಲ್ಲಿ ಪರಿಚಯದ ಮೇಷ್ಟ್ರೊಬ್ಬರು ಸಿಕ್ಕಿ, "ನಿಮ್ಮ ದೊಡ್ಡಮ್ಮಂಗೆ ಯಾವ ಮದ್ದು ಕೊಡ್ತಾರಪ್ಪ?" ಎಂದು ಕೇಳಿದರು.

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಅದು ಡಾಕ್ಟರಿಗೇ ಗೊತ್ತು ಸಾರ್," ಎಂದೆ.

"ಬೊಂಬಾಯಿಗೆ ಹೋಗಿ ಗುಟ್ಟು ಮಾಡಾಕೆ ಕಲ್ತಿದೀರಿ ಬಿಡ್ರಿ," ಎಂದು ಅವರು ಬಸ್ಸಿನತ್ತ ನಡೆದರು.

ಪ್ರಯೋಗಾಲಯದಲ್ಲಿ ಹೆಸರಿಲ್ಲದ ಒಂದು ಸೀಸೆಯನ್ನೂ ನಾನು ಮುಟ್ಟುವುದಿಲ್ಲ. ಆದರೆ ಆ ಎರಡನೆಯ ಔಷಧಿಯ ಹೆಸರನ್ನು ಈ ಲೇಖನದಲ್ಲಿಯೂ ಬರೆದಿಲ್ಲ. ಓದುಗರು ಮನ್ನಿಸಬೇಕು. ದೊಡ್ಡಮ್ಮನಿಗೆ ಇನ್ನೂ ಇಂಜೆಕ್ಷನ್ನುಗಳು ಬಾಕಿ ಇವೆ.